ಕೆಳಗೆ ಶಾಖ, ಮೇಲೆ ಎಣ್ಣೆ: ಭಾವಚಿತ್ರದಲ್ಲಿ ಎರಡು ಬಣ್ಣಗಳ ಹೊಂದಾಣಿಕೆ

ತೈಲವರ್ಣದಲ್ಲಿ ಭಾವಚಿತ್ರ ಬರೆಯುವವರ ಅರ್ಧ ಹೊತ್ತು ಕಾಯುವುದರಲ್ಲೇ ಹೋಗುತ್ತದೆ. ಕೆನ್ನೆಯ ನೆರಳಿಗೆ ಹಾಕಿದ ತೆಳು ಕಂದು ಎರಡು ದಿನದಲ್ಲಿ ಕೈಗೆ ಅಂಟದಂತಾದರೆ, ಪಕ್ಕದಲ್ಲೇ ಕೂದಲಿಗೆ ಹಾಕಿದ ಕಪ್ಪು ವಾರ ಕಳೆದರೂ ಹಸಿಯಾಗಿರುತ್ತದೆ. ಒಂದು ಪದರ ಆರಬೇಕು, ಅದರ ಮೇಲೆ ತೆಳ್ಳನೆಯ ಇನ್ನೊಂದು ಪದರ ಬರಬೇಕು, ಅದೂ ಆರಿದ ಮೇಲೆ ಮತ್ತೊಂದು. ಹೀಗೆ ಚರ್ಮದ ಕಾಂತಿಯನ್ನು ಕಟ್ಟುತ್ತ ಹೋದರೆ ಒಂದು ಮುಖ ಮುಗಿಯುವಷ್ಟರಲ್ಲಿ ತಿಂಗಳುಗಳೇ ಉರುಳುತ್ತವೆ. ಅದೇ ಬಣ್ಣ ಇನ್ನೊಂದು ಬಗೆಯಲ್ಲೂ ಕಾಡುತ್ತದೆ: ತುಟಿಯ ಅಂಚನ್ನು ಇನ್ನಷ್ಟು ಮೃದು ಮಾಡೋಣವೆಂದು ಮೂರನೆಯ ದಿನ ಕುಂಚ ಹಿಡಿದರೆ, ಅರೆಬರೆ ಆರಿದ ಬಣ್ಣ ಕುಂಚಕ್ಕೆ ಅಂಟಿಕೊಂಡು ಕಿತ್ತುಬರುತ್ತದೆ. ಈ ಎರಡೂ ತೊಂದರೆಗೆ ಉತ್ತರವೆಂದು ಮಾರುಕಟ್ಟೆಗೆ ಬಂದದ್ದು ಶಾಖ ಕೊಟ್ಟಾಗ ಮಾತ್ರ ಗಟ್ಟಿಯಾಗುವ ಕೃತಕ ಬಣ್ಣ. ‘ಜೆನೆಸಿಸ್’ ಎಂಬ ಹೆಸರಿನಲ್ಲಿ ಸಿಗುವ ಈ ಬಗೆಯ ಬಣ್ಣ ಹೆಚ್ಚು ಪರಿಚಿತವಾಗಿರುವುದು ಎಳೆಮಗುವಿನಂತೆಯೇ ಕಾಣುವ ವಿನೈಲ್ ಗೊಂಬೆಗಳಿಗೆ ಚರ್ಮದ ಬಣ್ಣ ಕೊಡುವವರಿಗೆ. ಭಾವಚಿತ್ರಕಾರರಲ್ಲೂ ಕೆಲವರು ಅದನ್ನು ಕೈಗೆತ್ತಿಕೊಂಡಿದ್ದಾರೆ. ಇದನ್ನು ಹಳೆಯ ತೈಲವರ್ಣದ ಜೊತೆ ಒಂದೇ ಚಿತ್ರದಲ್ಲಿ ಬಳಸಬಹುದೇ? ಬಳಸಬಹುದು ಎನ್ನುವುದು ಈ ಲೇಖನದ ವಾದ. ಆದರೆ ಅದಕ್ಕೊಂದು ಕಟ್ಟುನಿಟ್ಟಿನ ಷರತ್ತಿದೆ. ಎರಡನ್ನೂ ಪ್ಯಾಲೆಟ್ಟಿನ ಮೇಲೆ ಕಲಸಕೂಡದು; ಪದರ ಪದರವಾಗಿ ಒಂದರ ಮೇಲೊಂದನ್ನು ಕೂರಿಸಬೇಕು. ಶಾಖದ ಬಣ್ಣ ಸದಾ ಕೆಳಗೆ, ಎಣ್ಣೆಯ ಬಣ್ಣ ಸದಾ ಮೇಲೆ.

ಈ ಷರತ್ತು ಏಕೆಂದು ತಿಳಿಯಬೇಕಾದರೆ ಎರಡೂ ಬಣ್ಣಗಳು ಗಟ್ಟಿಯಾಗುವ ಬಗೆಯನ್ನು ನೋಡಬೇಕು. ನೀರಿನ ಬಣ್ಣ ಆರುವಾಗ ನೀರು ಆವಿಯಾಗಿ ಹೋಗುತ್ತದೆ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ತನ್ನ ಅಣುಗಳನ್ನು ಒಂದಕ್ಕೊಂದು ಹೆಣೆದುಕೊಳ್ಳುತ್ತ ನಿಧಾನವಾಗಿ ಪೊರೆಯಾಗುತ್ತದೆ. ಹಾಗಾಗಿಯೇ ಆರುವ ಮೊದಲ ದಿನಗಳಲ್ಲಿ ಎಣ್ಣೆಯ ತೂಕ ಕಡಿಮೆಯಾಗುವ ಬದಲು ಕೊಂಚ ಹೆಚ್ಚುತ್ತದೆ. ಜೊತೆಗಿರುವ ವರ್ಣದ್ರವ್ಯವೂ ಈ ಕ್ರಿಯೆಯಲ್ಲಿ ಕೈಯಾಡಿಸುತ್ತದೆ: ಅಂಬರ್ ಎಂಬ ಕಂದು ಮಣ್ಣಿನಲ್ಲಿರುವ ಮ್ಯಾಂಗನೀಸ್ ಮತ್ತು ಹಳೆಯ ಸೀಸದ ಬಿಳಿಯಲ್ಲಿರುವ ಸೀಸ ಆರುವಿಕೆಯನ್ನು ಚುರುಕುಗೊಳಿಸಿದರೆ, ಐವರಿ ಬ್ಲ್ಯಾಕ್ ಮತ್ತು ಅಲಿಜರಿನ್ ಕೆಂಪು ಅದನ್ನು ಎಳೆದಾಡುತ್ತವೆ. ಮೇಲ್ಮೈ ಮುಟ್ಟುವಂತಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಳಗಿನ ಹೆಣಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುತ್ತದೆ. ಚಿತ್ರ ಮುಗಿದು ಆರು ತಿಂಗಳಿಂದ ಒಂದು ವರ್ಷದ ಮೇಲಷ್ಟೇ ವಾರ್ನಿಷ್ ಬಳಿಯಬೇಕೆಂಬ ಹಳೆಯ ರೂಢಿ ಬಂದದ್ದು ಇದರಿಂದಲೇ. ದಶಕಗಳು ಕಳೆದಂತೆ ಆ ಪೊರೆ ತನ್ನ ಬಳುಕನ್ನು ಕಳೆದುಕೊಂಡು ಬಿರುಸಾಗುತ್ತ ಹೋಗುತ್ತದೆ.

ಶಾಖದ ಬಣ್ಣದ ಲೆಕ್ಕವೇ ಬೇರೆ. ಅದರಲ್ಲಿ ಗಾಳಿಗೆ ಆರುವ ಎಣ್ಣೆಯಿಲ್ಲ. ಕೃತಕ ರಾಳವೂ ಅದನ್ನು ಮೃದುವಾಗಿಡುವ ಪ್ಲಾಸ್ಟಿಸೈಜರ್ ಎಂಬ ದ್ರವವೂ ಸೇರಿ ವರ್ಣದ್ರವ್ಯವನ್ನು ಹಿಡಿದಿರುತ್ತವೆ. ಟೀ ಶರ್ಟುಗಳ ಮೇಲೆ ಚಿತ್ರ ಮುದ್ರಿಸಲು ಬಳಸುವ ಪ್ಲಾಸ್ಟಿಸಾಲ್ ಶಾಯಿಯ ತತ್ವವೂ ಇದೇ. ತಣ್ಣಗಿರುವಷ್ಟು ಕಾಲ ಇಂಥ ಬಣ್ಣ ಹಸಿಯಾಗಿಯೇ ಇರುತ್ತದೆ. ಪ್ಯಾಲೆಟ್ಟಿನ ಮೇಲೆ ದೂಳು ಕೂರದಂತೆ ಮುಚ್ಚಿಟ್ಟರೆ ತಿಂಗಳ ನಂತರವೂ ಕುಂಚಕ್ಕೆ ಒದಗುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್ ಶಾಖ ಕೆಲವು ನಿಮಿಷ ಸಿಕ್ಕಿತೆಂದರೆ ಎಲ್ಲ ಕಡೆಯೂ ಒಂದೇ ಪೊರೆಯಾಗಿ ಕೂಡಿಕೊಳ್ಳುತ್ತದೆ. ಹಸಿ ಬಣ್ಣದ ಹೊಳಪು ಇಳಿಯುತ್ತದೆ, ತಣ್ಣಗಾದ ಮೇಲೆ ಒರೆಸಿದರೂ ಅಲುಗುವುದಿಲ್ಲ. ಅಲ್ಲಿಂದ ಮುಂದೆ ಅದಕ್ಕೆ ಗಾಳಿಯೂ ಬೇಕಿಲ್ಲ, ಕಾಲವೂ ಬೇಕಿಲ್ಲ. ಒಂದು ಬಣ್ಣ ಉಸಿರಾಡುತ್ತ ವರ್ಷಗಟ್ಟಲೆ ಬದಲಾಗುತ್ತದೆ, ಇನ್ನೊಂದು ಒಂದೇ ಬಿಸಿಗೆ ನಿಂತುಬಿಡುತ್ತದೆ. ಇವೆರಡನ್ನೂ ಒಂದೇ ಮುದ್ದೆಯಲ್ಲಿ ಕಲಸಿದರೆ ಎಣ್ಣೆಯ ಅಣುಗಳು ಹೆಣೆದುಕೊಳ್ಳಲು ಹೊರಟಲ್ಲಿ ಪ್ಲಾಸ್ಟಿಸೈಜರ್ ಅಡ್ಡ ಬರುತ್ತದೆ, ರಾಳ ಕೂಡಿಕೊಳ್ಳಲು ಹೊರಟಲ್ಲಿ ಎಣ್ಣೆ ಅಡ್ಡ ಬರುತ್ತದೆ. ಹೀಗೆ ಕಲಸಿದ ಪದರ ಸರಿಯಾಗಿ ಆರೀತು, ಸರಿಯಾಗಿ ಕೂಡೀತು ಎಂದು ನಂಬಲು ಯಾವ ಆಧಾರವೂ ಉಳಿಯುವುದಿಲ್ಲ.

ಶಾಖದಿಂದ ಮುಖವನ್ನು ಚಿತ್ರಿಸುವುದು ಪ್ಲಾಸ್ಟಿಕ್ ಯುಗದ ಹುಚ್ಚು ಎಂದುಕೊಳ್ಳಬೇಕಿಲ್ಲ. ನಮಗೆ ಉಳಿದುಬಂದಿರುವ ಅತ್ಯಂತ ಜೀವಂತವಾದ ಪ್ರಾಚೀನ ಭಾವಚಿತ್ರಗಳು ಶಾಖದಿಂದಲೇ ಆದವು. ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ, ಕ್ರಿಸ್ತಶಕ ಒಂದರಿಂದ ಮೂರನೆಯ ಶತಮಾನದ ನಡುವೆ, ಸತ್ತವರ ಮುಖವನ್ನು ತೆಳುವಾದ ಮರದ ಹಲಗೆಯ ಮೇಲೆ ಬರೆದು ಮಮ್ಮಿಯ ಮುಖದ ಮೇಲೆ ಕೂರಿಸುತ್ತಿದ್ದರು. ಫಯೂಮ್ ಭಾವಚಿತ್ರಗಳೆಂದು ಹೆಸರಾದ ಇವುಗಳಲ್ಲಿ ಹಲವನ್ನು 1888ರಲ್ಲಿ ಹವಾರಾ ಎಂಬಲ್ಲಿ ಫ್ಲಿಂಡರ್ಸ್ ಪೆಟ್ರಿ ಅಗೆದು ತೆಗೆದ. ಅವುಗಳಲ್ಲಿ ಉತ್ತಮವಾದವು ಜೇನುಮೇಣದಲ್ಲಿ ವರ್ಣದ್ರವ್ಯ ಸೇರಿಸಿ, ಬಿಸಿಯ ನೆರವಿನಿಂದ ಬರೆದವು. ಹತ್ತಿರದಿಂದ ನೋಡಿದರೆ ಕೆನ್ನೆಯ ಮೇಲೆ ಮೇಣವನ್ನು ಉಪಕರಣದಿಂದ ಎಳೆದ ಸಣ್ಣ ಸಣ್ಣ ಗೆರೆಗಳ ಏರಿಳಿತ ಕಾಣುತ್ತದೆ. ಮೂಗಿನ ತುದಿಯಲ್ಲೂ ಕೆಳತುಟಿಯ ಮೇಲೂ ಬೆಳಕು ಒಂದು ದಪ್ಪ ಚುಕ್ಕೆಯಾಗಿ ನಿಂತಿರುತ್ತದೆ. ಮೇಣ ತಣ್ಣಗಾದ ಕ್ಷಣವೇ ಆ ಗೆರೆ ಅಲ್ಲೇ ನಿಂತಿತು. ಸಾವಿರದ ಏಳುನೂರು ವರ್ಷ ದಾಟಿದರೂ ಕದಲಿಲ್ಲ. ಒಣ ಮರುಭೂಮಿಯ ಹವೆ ಅವನ್ನು ಕಾಪಾಡಿತೆಂಬುದು ನಿಜ. ಆದರೂ ಶಾಖಕ್ಕೆ ನಿಂತ ಬಣ್ಣ ಮುಖದ ಸೂಕ್ಷ್ಮವನ್ನು ಹಿಡಿಯಲಾರದು ಎಂಬ ಮಾತಿಗೆ ಈ ಹಲಗೆಗಳೇ ಉತ್ತರ.

ಎಣ್ಣೆಗೇ ನೇರವಾಗಿ ಬೆಂಕಿ ತೋರಿಸಿದರೆ ಏನಾಗುತ್ತದೆಂಬುದಕ್ಕೂ ಇತಿಹಾಸದಲ್ಲಿ ಸಾಕ್ಷಿಯಿದೆ. 1505ರಲ್ಲಿ ಲಿಯೊನಾರ್ಡೊ ಡ ವಿಂಚಿ ಫ್ಲಾರೆನ್ಸಿನ ಪಲಾಝೊ ವೆಕ್ಕಿಯೊದ ಗೋಡೆಯ ಮೇಲೆ ‘ಅಂಗಿಯಾರಿ ಕದನ’ವನ್ನು ಬರೆಯತೊಡಗಿದ. ಹಸಿ ಗಾರೆಯ ಮೇಲೆ ಅವಸರದಿಂದ ಬರೆಯಬೇಕಾದ ಫ್ರೆಸ್ಕೊ ಅವನ ನಿಧಾನ ಸ್ವಭಾವಕ್ಕೆ ಒಗ್ಗದ್ದು. ಅದಕ್ಕೆ ಎಣ್ಣೆಯ ಬಣ್ಣವನ್ನೇ ಗೋಡೆಗೆ ಹಚ್ಚಿ, ಇದ್ದಿಲ ಬೆಂಕಿಯಿಂದ ಆರಿಸಲು ನೋಡಿದ. ಹದಿನಾರನೆಯ ಶತಮಾನದ ಬರಹಗಳು ಹೇಳುವಂತೆ ಬೆಂಕಿಗೆ ಹತ್ತಿರವಿದ್ದ ಕೆಳಭಾಗ ಆರಿತು. ಕಾವು ಸರಿಯಾಗಿ ತಾಕದ ಮೇಲ್ಭಾಗದಲ್ಲಿ ಕೆಲಸ ಕೆಟ್ಟಿತು. ಚಿತ್ರ ಪೂರ್ತಿಯಾಗಲೇ ಇಲ್ಲ. ಎಣ್ಣೆಗೆ ಬೇಕಾದದ್ದು ಆಮ್ಲಜನಕ ಮತ್ತು ಕಾಲ. ಶಾಖ ಅದನ್ನು ಒಂದಿಷ್ಟು ದೂಡಬಹುದು, ಅದರ ಸ್ಥಾನವನ್ನು ತುಂಬಲಾರದು. ಅರೆ ಆರಿದ ಎಣ್ಣೆಯ ಪದರಕ್ಕೆ 130 ಡಿಗ್ರಿಯ ಬಿಸಿಗಾಳಿ ಹಿಡಿದರೆ ಕಾವು ಜೋರಾದ ಹೆಂಚಿನ ಮೇಲಿನ ರೊಟ್ಟಿಯ ಪಾಡಾಗುತ್ತದೆ: ಮೇಲೆ ಸಿಪ್ಪೆ ಕಟ್ಟಿ ಸುಕ್ಕಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ, ಎಣ್ಣೆ ಹಳದಿಗಟ್ಟುತ್ತದೆ. ಆದ್ದರಿಂದ ಎಣ್ಣೆಯ ಮೇಲೆ ಶಾಖದ ಬಣ್ಣ ಹಚ್ಚಿ ಅದನ್ನು ಬೇಯಿಸುವ ಕ್ರಮ ಮೊದಲೇ ತಳ್ಳಿಹಾಕಬೇಕಾದದ್ದು.

ಇಪ್ಪತ್ತನೆಯ ಶತಮಾನದಲ್ಲಿ ಈ ಕಥೆಗೆ ಅನಿರೀಕ್ಷಿತ ವ್ಯಕ್ತಿಯೊಬ್ಬನಿಂದ ಮುಂದಿನ ಅಧ್ಯಾಯ ಬಂತು. ಹಾಲೆಂಡಿನ ಹಾನ್ ವಾನ್ ಮೇಗರೆನ್ ಹದಿನೇಳನೆಯ ಶತಮಾನದ ವರ್ಮೀರನ ಹೆಸರಿನಲ್ಲಿ ನಕಲಿ ಚಿತ್ರಗಳನ್ನು ಸೃಷ್ಟಿಸಿದವನು. ಅವನಿಗಿದ್ದ ದೊಡ್ಡ ಅಡ್ಡಿ ತೈಲವರ್ಣದ ನಿಧಾನವೇ. ಮುನ್ನೂರು ವರ್ಷ ಹಳೆಯ ಎಣ್ಣೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದರೂ ಕರಗುವುದಿಲ್ಲ. ಹೊಸ ಎಣ್ಣೆಯ ಬಣ್ಣ ಕರಗಿ ಹತ್ತಿಗೆ ಹತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ಪ್ರಯೋಗ ನಡೆಸಿ ಅವನು ಕಂಡುಕೊಂಡ ದಾರಿ ಆಗಿನ ಕಾಲದ ಹೊಸ ಪ್ಲಾಸ್ಟಿಕ್ ಆಗಿದ್ದ ಬೇಕಲೈಟಿನದು. ವರ್ಮೀರನ ಕಾಲದ ವರ್ಣದ್ರವ್ಯಗಳನ್ನೇ ಅರೆದು, ಅವಕ್ಕೆ ಫೀನಾಲ್–ಫಾರ್ಮಾಲ್ಡಿಹೈಡ್ ರಾಳವನ್ನು ಸೇರಿಸಿ, ಹದಿನೇಳನೆಯ ಶತಮಾನದ ನಿಜವಾದ ಕ್ಯಾನ್‌ವಾಸಿನ ಮೇಲೆ ಚಿತ್ರ ಬರೆದು, ಒಲೆಯಲ್ಲಿ 100 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಬೇಯಿಸಿದ. ಆಮೇಲೆ ಕ್ಯಾನ್‌ವಾಸನ್ನು ಸುರುಳಿ ಸುತ್ತಿ ಬಿರುಕು ಎಬ್ಬಿಸಿ, ಬಿರುಕಿಗೆ ಕಪ್ಪು ಶಾಯಿ ತುಂಬಿದ. 1937ರಲ್ಲಿ ಹೊರಬಂದ ಅವನ ‘ಎಮ್ಮಾವಸ್’ ಚಿತ್ರವನ್ನು ಡಚ್ ಕಲೆಯ ದೊಡ್ಡ ವಿದ್ವಾಂಸ ಅಬ್ರಹಾಂ ಬ್ರೆಡಿಯಸ್ ವರ್ಮೀರನ ಶ್ರೇಷ್ಠ ಕೃತಿಯೆಂದು ಹೊಗಳಿದರು. ರಾಟರ್‌ಡ್ಯಾಮಿನ ಬಾಯ್ಮನ್ಸ್ ಮ್ಯೂಸಿಯಂಗಾಗಿ ಐದು ಲಕ್ಷ ಗಿಲ್ಡರಿಗೂ ಹೆಚ್ಚು ಬೆಲೆ ತೆತ್ತು ಅದನ್ನು ಕೊಂಡರು. ಯುದ್ಧ ಮುಗಿದ ಮೇಲೆ, ನಾಜಿ ನಾಯಕ ಗೋರಿಂಗನ ಸಂಗ್ರಹದಲ್ಲಿ ಸಿಕ್ಕ ಇನ್ನೊಂದು ‘ವರ್ಮೀರ್’ನ ಜಾಡು ಹಿಡಿದು 1945ರಲ್ಲಿ ಅವನನ್ನು ಬಂಧಿಸಿದಾಗ, ದೇಶದ ನಿಧಿಯನ್ನು ಶತ್ರುವಿಗೆ ಮಾರಿದ ಆರೋಪದಿಂದ ಪಾರಾಗಲು ಅದು ತನ್ನದೇ ಕೈಯ ನಕಲಿಯೆಂದು ಒಪ್ಪಿಕೊಂಡ. ಪಾಲ್ ಕೋರ್ಮನ್ಸರ ನೇತೃತ್ವದ ತಜ್ಞರು ಬಣ್ಣದಲ್ಲಿ ಆ ಕೃತಕ ರಾಳವನ್ನು ಪತ್ತೆಹಚ್ಚಿದರು. 1947ರಲ್ಲಿ ಶಿಕ್ಷೆಯಾಯಿತು, ಆ ವರ್ಷದ ಕೊನೆಯಲ್ಲೇ ಅವನು ತೀರಿಕೊಂಡ.

ಮೋಸಕ್ಕೆ ಮೆಚ್ಚುಗೆ ಸಲ್ಲದು, ಆದರೆ ಆ ಪ್ರಯೋಗದಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಶಾಖಕ್ಕೆ ನಿಂತ ಕೃತಕ ರಾಳ ನೋಡುವವರ ಕಣ್ಣಿಗೆ ಪ್ಲಾಸ್ಟಿಕ್ಕಾಗಿಯೇ ಕಾಣುತ್ತದೆ ಎಂಬ ಆಕ್ಷೇಪಕ್ಕೆ ತಳವಿಲ್ಲ; ಜೀವನವಿಡೀ ಹಳೆಯ ತೈಲಚಿತ್ರಗಳನ್ನು ನೋಡಿದವರೇ ಆ ಮುಖಗಳ ಎದುರು ಮನಸೋತರು. ಹಾಗೆಯೇ, ರಾಳ ತನ್ನ ಗುರುತನ್ನು ಬಿಟ್ಟೇ ಹೋಗುತ್ತದೆ. ಬಳಸಿದ್ದನ್ನು ಬಚ್ಚಿಡಲು ಸಾಧ್ಯವಿಲ್ಲ, ಬಚ್ಚಿಡಲೂಬಾರದು. ಒಂದೇ ಪದರದಲ್ಲಿ ಹಲವು ವಸ್ತುಗಳನ್ನು ಕಲಸಿದರೆ ಏನಾಗುತ್ತದೆಂಬುದಕ್ಕೆ ಬೇರೊಂದು ಉದಾಹರಣೆಯಿದೆ. ಇಂಗ್ಲೆಂಡಿನ ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷನಾಗಿದ್ದ ಜೋಶುವಾ ರೆನಾಲ್ಡ್ಸ್ ಹದಿನೆಂಟನೆಯ ಶತಮಾನದ ಅತ್ಯಂತ ಬೇಡಿಕೆಯ ಭಾವಚಿತ್ರಕಾರ. ಹಳೆಯ ಗುರುಗಳ ಕಾಂತಿಯನ್ನು ಹಿಡಿಯಬೇಕೆಂಬ ಹಂಬಲದಿಂದ ಅವನು ಎಣ್ಣೆಗೆ ಮೇಣ, ಮರದ ರಾಳ, ಡಾಂಬರಿನಂಥ ಬಿಟುಮೆನ್ ಎಲ್ಲವನ್ನೂ ಸೇರಿಸಿ ನೋಡಿದ. ಒಂದೊಂದೂ ಒಂದೊಂದು ವೇಗದಲ್ಲಿ ಆರುವಂಥವು, ಬಿಟುಮೆನ್ ಎಂದೂ ಪೂರ್ತಿ ಆರದಂಥದ್ದು. ಅವನ ಎಷ್ಟೋ ಚಿತ್ರಗಳಲ್ಲಿ ಅಗಲವಾದ ಬಿರುಕುಗಳೆದ್ದವು. ನಿಲ್ಲದ ಕೆಂಪು ಬಣ್ಣ ಬಳಸಿದ್ದರಿಂದ ಮುಖಗಳು ಅವನು ಬದುಕಿರುವಾಗಲೇ ಬಿಳಿಚಿಕೊಂಡವು. ಅವನ ಕೈಚಳಕದಲ್ಲಿ ಕೊರತೆಯಿರಲಿಲ್ಲ. ಬೇರೆ ಬೇರೆ ವೇಗದಲ್ಲಿ ಗಟ್ಟಿಯಾಗುವ ವಸ್ತುಗಳನ್ನು ಒಂದೇ ಕಡೆ ಕೂಡಿಹಾಕಿದ್ದೇ ಅವನ ಚಿತ್ರಗಳಿಗೆ ಮುಳುವಾಯಿತು.

ಹಾಗಾದರೆ ಸರಿಯಾದ ಕೂಡಿಕೆ ಹೇಗೆ? ಭಾವಚಿತ್ರದ ಸಾಂಪ್ರದಾಯಿಕ ವಿಧಾನವೇ ಅದಕ್ಕೆ ಜಾಗ ಮಾಡಿಕೊಟ್ಟಿದೆ. ಮುಖವನ್ನು ಮೊದಲು ಬೂದು ಅಥವಾ ಮಣ್ಣಿನ ಬಣ್ಣದ ಕೆಲವೇ ಛಾಯೆಗಳಲ್ಲಿ ಕಟ್ಟಿಕೊಂಡು, ಎಲುಬಿನ ಉಬ್ಬು ತಗ್ಗು, ಬೆಳಕು ನೆರಳು ಎಲ್ಲವನ್ನೂ ಅಲ್ಲೇ ತೀರ್ಮಾನಿಸಿ, ಆಮೇಲೆ ಚರ್ಮದ ಬಣ್ಣವನ್ನು ತೆಳು ಪದರಗಳಲ್ಲಿ ಮೇಲೆ ತರುವುದು ಯುರೋಪಿನಲ್ಲಿ ಶತಮಾನಗಳಿಂದ ನಡೆದುಬಂದ ಕ್ರಮ. ಈ ಕೆಳಗಿನ ಕಟ್ಟಡವನ್ನು ಶಾಖದ ಬಣ್ಣದಲ್ಲಿ ಕಟ್ಟಬಹುದು. ಬಾಯಿಯ ಮೂಲೆಯನ್ನೇ ತೆಗೆದುಕೊಳ್ಳಿ. ಮುಖದ ಭಾವವೆಲ್ಲ ಬಂದು ನಿಲ್ಲುವ ಜಾಗ ಅದು. ಮೇಲ್ದುಟಿಯ ನೆರಳು ಕೆನ್ನೆಯ ಮಾಂಸದೊಳಗೆ ಎಲ್ಲಿ ಕರಗುತ್ತದೆಂದು ಗೆರೆ ಎಳೆದು ತೋರಿಸಲಾಗದು. ಒಂದು ಕೂದಲೆಳೆ ಕೆಳಗಾದರೆ ಮುಖ ಮುನಿಸಿಕೊಂಡಂತೆ, ಒಂದೆಳೆ ಮೇಲಾದರೆ ನಗು ಬಲವಂತಕ್ಕೆ ತಂದಂತೆ ಕಾಣುತ್ತದೆ. ಶಾಖದ ಬಣ್ಣದಲ್ಲಿ ಆ ಮೂಲೆಯನ್ನು ಇಂದು ಬರೆದು, ನಾಳೆ ಒರೆಸಿ, ವಾರ ಬಿಟ್ಟು ಮತ್ತೆ ತಿದ್ದಬಹುದು. ಅಂಚು ಮೊದಲ ದಿನದಷ್ಟೇ ಮೆತ್ತಗೆ ಕುಂಚಕ್ಕೆ ಒಲಿಯುತ್ತದೆ. ಭಾನುವಾರ ಮಾತ್ರ ಬಂದು ಕೂರಬಲ್ಲ ವ್ಯಕ್ತಿಯ ಚಿತ್ರವಾದರಂತೂ ಇದರ ಬೆಲೆ ಗೊತ್ತಾಗುತ್ತದೆ. ತೃಪ್ತಿಯಾದ ಮೇಲೆ ಬಿಸಿ ಕೊಟ್ಟು ಅದನ್ನು ನಿಲ್ಲಿಸಿದರೆ, ಮೇಲೆ ಬರುವ ಎಣ್ಣೆಯ ಪದರ ಎಷ್ಟು ಸಲ ಒರೆಸಿದರೂ ಕೆಳಗಿನ ಆಕಾರ ಕದಲದು. ತುಟಿಯ ಕೆಂಪು, ಮೂಗಿನ ಬದಿಯ ತಣ್ಣನೆಯ ಹಸಿರು ಛಾಯೆ, ಹಣೆಯ ಮೇಲಿನ ದಪ್ಪ ಬೆಳಕು ಇವೆಲ್ಲ ಎಣ್ಣೆಯಲ್ಲೇ ಬರಲಿ.

ಮೇಲಿನ ಮಾತನ್ನು ಎಣ್ಣೆಗೇ ಬಿಡಬೇಕೆನ್ನುವುದಕ್ಕೆ ಕಲೆಯ ದೃಷ್ಟಿಯಿಂದಲೂ ಕಾರಣವಿದೆ. ಎಂದೂ ಆರದ ಬಣ್ಣಕ್ಕೆ ಒಂದು ದೋಷ ಹುಟ್ಟಿನಿಂದಲೇ ಅಂಟಿಕೊಂಡಿದೆ: ಅದು ಕುಂಚಕ್ಕೆ ಎದುರಾಡುವುದಿಲ್ಲ. ಎದುರಾಡದ ಬಣ್ಣವನ್ನು ಸವರುತ್ತಲೇ ಹೋಗಬೇಕೆನಿಸುತ್ತದೆ. ಹಾಗೆ ಸವರಿ ಸವರಿ ಮುಖದ ಎಲ್ಲ ಅಂಚುಗಳೂ ಕರಗಿ, ಕೊನೆಗೆ ಉಳಿಯುವುದು ಗೊಂಬೆಯ ನುಣುಪು. ಗೊಂಬೆಗೆ ಬೇಕಾದದ್ದು ಅದೇ. ಬದುಕಿರುವ ಮನುಷ್ಯನ ಮುಖಕ್ಕೆ ಅದು ಸಲ್ಲದು. ತೈಲವರ್ಣದ ಜಿಗುಟು, ಅದು ಕುಂಚದ ಗುರುತನ್ನು ಹಿಡಿದಿಡುವ ಬಗೆ, ಒಂದು ಪದರದ ಮೂಲಕ ಇನ್ನೊಂದು ಪದರ ಇಣುಕುವ ಆಳ, ಇವು ಆ ನುಣುಪನ್ನು ಮುರಿದು ಮುಖಕ್ಕೆ ಮತ್ತೆ ಉಸಿರು ತರುತ್ತವೆ. ತಿದ್ದುವ ಸ್ವಾತಂತ್ರ್ಯ ಕೆಳಗಿನ ಬಣ್ಣದ್ದು, ನಿರ್ಧಾರದ ಗುರುತು ಮೇಲಿನ ಬಣ್ಣದ್ದು. ಎರಡರ ಗುಣವೂ ಅದರದರ ಜಾಗದಲ್ಲಿ ಕೆಲಸಕ್ಕೆ ಬರುವುದರಿಂದಲೇ ಈ ಜೋಡಿ ಸಮರ್ಥನೀಯ.

ಇನ್ನು ಕಷ್ಟಗಳನ್ನು ಮುಚ್ಚಿಡದೆ ಹೇಳಬೇಕು. ಮೊದಲನೆಯದು ಚಿತ್ರದ ತಳಕ್ಕೆ ಸಂಬಂಧಿಸಿದ್ದು. 130 ಡಿಗ್ರಿಯ ಶಾಖ ಬಣ್ಣಕ್ಕಷ್ಟೇ ತಾಕುವುದಿಲ್ಲ, ಅದರ ಕೆಳಗಿರುವ ಎಲ್ಲಕ್ಕೂ ತಾಕುತ್ತದೆ. ಮರದ ಹಲಗೆಯಾದರೆ ತೇವ ಆರಿ ಬಾಗಬಹುದು. ಬಿಸಿಗಾಳಿ ಊದುವ ಹೀಟ್ ಗನ್ನನ್ನು ಒಂದೇ ಕಡೆ ಹಿಡಿದರೆ ಬಟ್ಟೆ ಕಂದುವುದುಂಟು. ಈಚೆಗೆ ಜನಪ್ರಿಯವಾಗಿರುವ ಅಲ್ಯೂಮಿನಿಯಂ ಕಾಂಪೊಸಿಟ್ ಹಾಳೆಯ ನಡುವೆ ಪಾಲಿಎಥಿಲೀನ್ ಪದರವಿರುತ್ತದೆ. ಅದು ಇಷ್ಟು ಶಾಖಕ್ಕೆ ಮೆತ್ತಗಾಗಿ ಹಾಳೆಯೇ ಸೀಳಬಹುದು. ಇಡೀ ಲೋಹದ ತಗಡು ಈ ಕೆಲಸಕ್ಕೆ ಹೆಚ್ಚು ನಂಬಿಕೆಯದು. ಹದಿನಾರು, ಹದಿನೇಳನೆಯ ಶತಮಾನದ ಯುರೋಪಿನಲ್ಲಿ ತಾಮ್ರದ ತಗಡಿನ ಮೇಲೆ ಬರೆದ ಸಣ್ಣ ತೈಲಚಿತ್ರಗಳು ಇಂದಿಗೂ ನಳನಳಿಸುತ್ತಿರುವುದನ್ನು ನೋಡಿದರೆ, ಅಲುಗದ ತಳ ಎಣ್ಣೆಗೂ ಎಷ್ಟು ಹಿತವೆಂದು ತಿಳಿಯುತ್ತದೆ. ಎರಡನೆಯದು ಸುರಕ್ಷೆಯ ಮಾತು. ಟರ್ಪೆಂಟೈನಿನ ಆವಿ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಕಾವೇರಿ ಉರಿಯಬಲ್ಲದು. ಬಿಸಿಗಾಳಿಯ ಯಂತ್ರ ಓಡುವ ಜಾಗದಲ್ಲಿ ಇವೆರಡೂ ಇರಕೂಡದು, ಕಿಟಕಿ ತೆರೆದಿರಬೇಕು. ಶಾಖದ ಕೆಲಸ ಪೂರ್ತಿ ಮುಗಿಸಿ, ಯಂತ್ರವನ್ನು ಎತ್ತಿಟ್ಟು, ಆಮೇಲೆ ಎಣ್ಣೆಯ ಬುಡ್ಡಿ ತೆರೆಯುವುದೇ ಕ್ಷೇಮ. ಕೆಳಗೆ ಶಾಖ, ಮೇಲೆ ಎಣ್ಣೆ ಎಂಬ ನಿಯಮಕ್ಕೆ ಇದೂ ಒಂದು ಬೆಂಬಲ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಗಟ್ಟಿ ಪದರ ಕೆಳಗಿರಲಿ, ಬಳುಕುವ ಪದರ ಮೇಲಿರಲಿ ಎನ್ನುವುದು ತೈಲಚಿತ್ರದ ಮೂಲ ಪಾಠ. ಎಣ್ಣೆ ಕಡಿಮೆಯಿರುವ ಬಣ್ಣದ ಮೇಲೆ ಎಣ್ಣೆ ಹೆಚ್ಚಿರುವ ಬಣ್ಣ ಹಚ್ಚಬೇಕೆನ್ನುವುದು ಇದಕ್ಕೇ. ಪ್ಲಾಸ್ಟಿಸೈಜರ್ ಇರುವ ಪೊರೆಯಾದರೋ ಬಹುಕಾಲ ಬಳುಕುತ್ತಲೇ ಇರುತ್ತದೆ, ಮೇಲಿನ ಎಣ್ಣೆ ವರ್ಷ ಕಳೆದಂತೆ ಬಿರುಸಾಗುತ್ತದೆ. ಅಂದರೆ ಪಾಠ ತಲೆಕೆಳಗಾಗುತ್ತದೆ. ಜೊತೆಗೆ, ಪ್ಲಾಸ್ಟಿಸೈಜರ್ ಒಂದೇ ಕಡೆ ನಿಲ್ಲದೆ ಅಕ್ಕಪಕ್ಕದ ಪದರಕ್ಕೆ ನುಸುಳಬಲ್ಲದು. ಹೀಗೆ ಹಳೆಯ ಪಿವಿಸಿ ಪ್ಲಾಸ್ಟಿಕ್ ವಸ್ತುಗಳ ಮೈ ಜಿಗುಟಾಗುವುದನ್ನು ವಸ್ತುಸಂಗ್ರಹಾಲಯಗಳು ಕಂಡಿವೆ. ನುಣುಪಾದ ಕೃತಕ ಪೊರೆಗೆ ಎಣ್ಣೆ ಚೆನ್ನಾಗಿ ಕಚ್ಚಿಕೊಳ್ಳದೆ ಚಕ್ಕೆಯೇಳುವ ಭಯವೂ ಇದೆ. ಈ ಆಕ್ಷೇಪಗಳಿಗೆ ಜಾಣ ಮಾತಿನ ಉತ್ತರವಿಲ್ಲ, ಎಚ್ಚರದ ಉತ್ತರವಿದೆ. ತಳ ಅಲುಗದಂಥದ್ದಾದರೆ ಪದರಗಳ ನಡುವಿನ ಎಳೆದಾಟ ಬಹಳ ತಗ್ಗುತ್ತದೆ. ಕೆಳಗಿನ ಬಣ್ಣ ತೆಳುವಾಗಿರಬೇಕು, ಎಲ್ಲೂ ಅರೆಬೆಂದಿರಬಾರದು. ಅರೆಬೆಂದ ಕಡೆ ಪ್ಲಾಸ್ಟಿಸೈಜರ್ ಸಡಿಲವಾಗಿ ಉಳಿಯುತ್ತದೆ. ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿದರೆ ಎಣ್ಣೆಗೆ ಹಿಡಿತ ಸಿಗುತ್ತದೆ. ಸತುವಿನ ಬಿಳಿಯನ್ನು ದೂರವಿಡುವುದು ಲೇಸು. ಎಣ್ಣೆಯಲ್ಲಿ ಕಲಸಿದ ಜಿಂಕ್ ವೈಟ್ ಕೆಲವೇ ವರ್ಷಗಳಲ್ಲಿ ಪುಡಿಯಾಗುವಷ್ಟು ಬಿರುಸಾಗಿ ಪದರಗಳನ್ನು ಬೇರ್ಪಡಿಸುತ್ತದೆಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಮೇರಿಯನ್ ಮೆಕ್ಲೆನ್‌ಬರ್ಗ್ ನಡೆಸಿದ ಸಂಶೋಧನೆ ತೋರಿಸಿದೆ. ಮೊದಲೇ ಹಿಡಿತ ಕಡಿಮೆಯಿರುವ ಮೈಮೇಲೆ ಅದನ್ನು ಹಚ್ಚುವುದು ಅಪಾಯವನ್ನು ಕೈಬೀಸಿ ಕರೆದಂತೆ.

ಸಂಪ್ರದಾಯದ ಪರವಾಗಿ ಮಾತಾಡುವವರು, ಎಣ್ಣೆಯ ಚಿತ್ರಕ್ಕೆ ಎಣ್ಣೆಯೇ ಸಾಕು, ಹೊರಗಿನದೇಕೆ ಎನ್ನಬಹುದು. ಆದರೆ ನಾವು ಇಂದು ಸಂಪ್ರದಾಯವೆನ್ನುವುದೆಲ್ಲ ಒಂದು ಕಾಲದಲ್ಲಿ ಹೊರಗಿನಿಂದ ಬಂದದ್ದೇ. ಪ್ರಷ್ಯನ್ ನೀಲಿ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಪ್ರಯೋಗಶಾಲೆಯಲ್ಲಿ ಹುಟ್ಟಿತು. ತವರದ ಟ್ಯೂಬಿನಲ್ಲಿ ಬಣ್ಣ ತುಂಬುವ ಉಪಾಯ ಜಾನ್ ಗೋಫ್ ರ‍್ಯಾಂಡ್ ಎಂಬ ಭಾವಚಿತ್ರಕಾರನಿಗೆ ಹೊಳೆದದ್ದು 1841ರಲ್ಲಿ. ಇಂದು ಎಲ್ಲರ ಪೆಟ್ಟಿಗೆಯಲ್ಲಿರುವ ಟೈಟೇನಿಯಂ ಬಿಳಿಗೆ ನೂರು ವರ್ಷವಷ್ಟೇ ವಯಸ್ಸು. ಕರ್ನಾಟಕದ ಮಟ್ಟಿಗಂತೂ, ಒಂದೇ ಚಿತ್ರದಲ್ಲಿ ಹಲವು ದ್ರವ್ಯಗಳಿಗೆ ಜಾಗ ಕೊಡುವುದು ಹೊಸದೇನೂ ಅಲ್ಲ. ಮೈಸೂರು ಶೈಲಿಯ ಚಿತ್ರದಲ್ಲಿ ಉಬ್ಬಿಗೆ ಗೆಸ್ಸೊ ಎಂಬ ಲೇಪ, ಆಭರಣಕ್ಕೆ ಚಿನ್ನದ ರೇಕು, ಮುಖಕ್ಕೆ ತೆಳುವಾದ ಬಣ್ಣ, ಹೀಗೆ ಒಂದೊಂದಕ್ಕೂ ಅದರದೇ ಸ್ಥಾನವಿದೆ. ಯಾವುದನ್ನೂ ಇನ್ನೊಂದರೊಳಗೆ ಕಲಸುವುದಿಲ್ಲ, ಪ್ರತಿಯೊಂದೂ ತನ್ನ ಜಾಗದಲ್ಲಿ ಕೂರುತ್ತದೆ. ಶಾಖ ಮತ್ತು ಎಣ್ಣೆಯ ಜೋಡಿಗೆ ಬೇಕಾದ ಶಿಸ್ತೂ ಇದೇ.

ಇನ್ನೊಂದು ಆಕ್ಷೇಪ ಅವಸರದ ಬಗ್ಗೆ: ಕಾಯುವ ಕಾಲದಲ್ಲೇ ಕಲಾವಿದನ ಕಣ್ಣು ಮಾಗುತ್ತದೆ, ಅದನ್ನು ಕಿತ್ತುಕೊಂಡರೆ ಚಿತ್ರ ಹಸಿಹಸಿಯಾಗುತ್ತದೆ ಎನ್ನುತ್ತಾರೆ. ಮಾಗುವುದಕ್ಕೆ ಕಾಲ ಬೇಕೆಂಬುದು ಸತ್ಯ. ಆದರೆ ಆ ಕಾಲವನ್ನು ನಿಗದಿ ಮಾಡಬೇಕಾದದ್ದು ಅಗಸೆ ಎಣ್ಣೆಯೋ ಚಿತ್ರಕಾರನೋ? ಶಾಖದ ಬಣ್ಣ ಬೇಗ ಮುಗಿಸಲು ಒತ್ತಾಯಿಸುವುದಿಲ್ಲ, ತಿಂಗಳುಗಟ್ಟಲೆ ನಿಂತು ನೋಡಲು ಬಿಡುತ್ತದೆ. ಬೇಗ ಆರಬೇಕೆಂಬುದಷ್ಟೇ ಗುರಿಯಾದರೆ ಅದಕ್ಕೆ ಬೇರೆ ಒಳ್ಳೆಯ ದಾರಿಗಳಿವೆ, ಇದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಅಲ್ಕಿಡ್ ಬಣ್ಣ ಎಣ್ಣೆಯಂತೆಯೇ ಆಮ್ಲಜನಕದಿಂದ ಗಟ್ಟಿಯಾಗುತ್ತದೆ, ಒಂದು ದಿನದಲ್ಲಿ ಆರುತ್ತದೆ, ಎಣ್ಣೆಯೊಂದಿಗೆ ಕಲಸಿದರೂ ತಕರಾರಿಲ್ಲ. ಅಕ್ರಿಲಿಕ್‌ನಲ್ಲಿ ತಳಬಣ್ಣ ಹಾಕಿ ಮೇಲೆ ಎಣ್ಣೆ ಬರೆಯುವುದು ಈಗ ಸಾಮಾನ್ಯ ರೂಢಿ. ಎರಡೂ ಅಗ್ಗ, ಎರಡೂ ಸುಲಭವಾಗಿ ಸಿಗುತ್ತವೆ, ಎರಡಕ್ಕೂ ಶಾಖ ಬೇಡ. ಹೆಚ್ಚಿನ ಚಿತ್ರಕಾರರಿಗೆ ಹೆಚ್ಚಿನ ಕೆಲಸಕ್ಕೆ ಇವೇ ಸಾಕು. ಆದರೆ ಅಕ್ರಿಲಿಕ್ ನಿಮಿಷಗಳಲ್ಲಿ, ಅಲ್ಕಿಡ್ ಗಂಟೆಗಳಲ್ಲಿ ಕೈತಪ್ಪಿ ಹೋಗುತ್ತವೆ. ಅಂಚುಗಳನ್ನು ದಿನಗಟ್ಟಲೆ ಹಸಿಯಾಗಿಟ್ಟುಕೊಂಡು, ತಾನು ಹೇಳಿದ ಕ್ಷಣದಲ್ಲಿ ನಿಲ್ಲಿಸುವ ಅಧಿಕಾರ ಈ ಮೂರರಲ್ಲಿ ಶಾಖದ ಬಣ್ಣಕ್ಕೆ ಮಾತ್ರ ಇದೆ. ಆ ಅಧಿಕಾರ ನಿಜಕ್ಕೂ ಬೇಕಾದವರು ಮಾತ್ರ ಅದರ ಕಷ್ಟಗಳನ್ನು ಹೊರುವುದು ನ್ಯಾಯ.

ಉಳಿಯುವುದು ಬಾಳಿಕೆಯ ಪ್ರಶ್ನೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರಾಜಾ ರವಿವರ್ಮನ ತೈಲಚಿತ್ರಗಳಿಗೆ ನೂರು ವರ್ಷ ದಾಟಿದೆ. ತೈಲವರ್ಣ ಈ ನೆಲದ ಮಳೆಗಾಲ, ಬೇಸಿಗೆಗಳನ್ನು ಹೇಗೆ ತಾಳುತ್ತದೆಂದು ನಾವು ಕಣ್ಣಾರೆ ನೋಡಬಹುದು. ಕಲಾವಿದರಿಗೆಂದೇ ತಯಾರಾದ ಶಾಖದ ಬಣ್ಣಕ್ಕೆ ಇನ್ನೂ ಅರ್ಧ ಶತಮಾನವೂ ತುಂಬಿಲ್ಲ. ನೂರು ವರ್ಷದ ಸಾಕ್ಷಿ ಇಲ್ಲದ ವಸ್ತುವನ್ನು ಸಾಕ್ಷಿ ಇರುವ ವಸ್ತುವಿನಂತೆ ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ. ಹಾಗೆಂದು ಪ್ರಯೋಗವನ್ನೇ ಕೈಬಿಟ್ಟರೆ ಆ ಸಾಕ್ಷಿ ಎಂದಿಗೂ ಹುಟ್ಟುವುದಿಲ್ಲ. ಇದಕ್ಕೆ ಮಧ್ಯದ ದಾರಿಯೆಂದರೆ ತೆರೆದ ಲೆಕ್ಕ. ಚಿತ್ರದ ಹಿಂಬದಿಯಲ್ಲಿ ಯಾವ ತಳ, ಕೆಳಗೆ ಯಾವ ಬಣ್ಣ, ಎಷ್ಟು ಶಾಖ, ಮೇಲೆ ಯಾವ ಎಣ್ಣೆ, ಯಾವ ವರ್ಷ ಎಂಬುದನ್ನು ಬರೆದಿಡಬೇಕು. ಪ್ರತಿ ದೊಡ್ಡ ಚಿತ್ರದ ಜೊತೆಗೆ ಅದೇ ಪದರಗಳ ಒಂದು ಸಣ್ಣ ತುಣುಕನ್ನು ಮಾಡಿಟ್ಟು, ವರ್ಷಕ್ಕೊಮ್ಮೆ ಅದರ ಮೂಲೆಯನ್ನು ಉಜ್ಜಿ, ಅಂಟಿನ ಪಟ್ಟಿ ಹಚ್ಚಿ ಕಿತ್ತು ನೋಡಬೇಕು. ತಲೆಮಾರುಗಳವರೆಗೆ ಉಳಿಯಲೇಬೇಕೆಂದು ಸಂಸ್ಥೆಗೋ ಮನೆತನಕ್ಕೋ ಬರೆದುಕೊಡುವ ಚಿತ್ರವನ್ನು ಸದ್ಯಕ್ಕೆ ಎಣ್ಣೆಯಲ್ಲೇ ಮುಗಿಸಬೇಕು. ಕಲಿಕೆಗೆ, ತಯಾರಿಗೆ, ವಿಷಯ ತಿಳಿದು ಒಪ್ಪಿದವರ ಚಿತ್ರಕ್ಕೆ ಈ ಜೋಡಿಯನ್ನು ಧೈರ್ಯವಾಗಿ ಬಳಸಬಹುದು. ವಾನ್ ಮೇಗರೆನ್ ತನ್ನ ದ್ರವ್ಯವನ್ನು ಬಚ್ಚಿಟ್ಟ, ರೆನಾಲ್ಡ್ಸ್ ತನ್ನ ದ್ರವ್ಯಗಳ ಸ್ವಭಾವವನ್ನು ಲೆಕ್ಕಿಸಲಿಲ್ಲ. ಪದರಗಳ ಕ್ರಮವನ್ನು ಕಾಯ್ದುಕೊಂಡು, ಏನು ಬಳಸಿದೆನೆಂದು ಬರೆದಿಡುವ ಚಿತ್ರಕಾರ ಈ ಎರಡು ತಪ್ಪುಗಳಿಂದಲೂ ದೂರವಿರುತ್ತಾನೆ, ಮತ್ತು ಮುಂದೆ ಆ ಚಿತ್ರವನ್ನು ಕಾಪಾಡಬೇಕಾದವರ ಕೈಗೆ ಬೇಕಾದ ಮಾಹಿತಿಯನ್ನು ಇಂದೇ ಕೊಟ್ಟಿರುತ್ತಾನೆ.